ಡೆವಿಲ್ ಮೇ ಕ್ರೈ 5: ಕರಾವಳಿಯ ಮನೆಗೆ ಯಾವ ಆವೃತ್ತಿ ತಕ್ಕದ್ದು?

2025ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಡೆವಿಲ್ ಮೇ ಕ್ರೈ’ ಅನಿಮೇಷನ್ ಸರಣಿ ಬಂದ ಮೇಲೆ ಅದೇ ಹೆಸರಿನ ಈ ವಿಡಿಯೊ ಆಟದ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಮಣಿಪಾಲದ ಹಾಸ್ಟೆಲಿನಲ್ಲಿರುವವರು, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುವವರು, ಮಗನ ಹುಟ್ಟುಹಬ್ಬಕ್ಕೆ ಏನಾದರೂ ಕೊಡಿಸಬೇಕೆಂದಿರುವ ತಾಯಂದಿರು, ಎಲ್ಲರೂ ಕೇಳುವುದು ಒಂದನ್ನೇ: ಐದನೆಯ ಭಾಗಕ್ಕೆ ಇಷ್ಟೊಂದು ಆವೃತ್ತಿಗಳಿವೆಯಲ್ಲ, ಯಾವುದನ್ನು ಕೊಳ್ಳಬೇಕು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಮನೆಯಲ್ಲಿ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರ ಇದ್ದರೆ ‘ಸ್ಪೆಷಲ್ ಎಡಿಷನ್’ ತೆಗೆದುಕೊಳ್ಳಿ. ಕಂಪ್ಯೂಟರ್ ಅಥವಾ ಪ್ಲೇಸ್ಟೇಷನ್ 4 ಇದ್ದರೆ ಸಾಮಾನ್ಯ ಆವೃತ್ತಿಯನ್ನು ಕೊಂಡು, ವರ್ಜಿಲ್ ಎಂಬ ಹೆಚ್ಚುವರಿ ಪಾತ್ರವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಿ. ಡೀಲಕ್ಸ್ ಆವೃತ್ತಿಯನ್ನು ರಿಯಾಯಿತಿಯಲ್ಲಿ ಬೆಲೆಯ ಅಂತರ ತೀರಾ ಕಡಿಮೆಯಾದಾಗ ಮಾತ್ರ ನೋಡಿ. ಸಂಗ್ರಾಹಕರ ಆವೃತ್ತಿ, ಅಂದರೆ ದೊಡ್ಡ ಪೆಟ್ಟಿಗೆಯಲ್ಲಿ ಬರುವ ಕಲೆಕ್ಟರ್ಸ್ ಎಡಿಷನ್, ಅದನ್ನು ಒಣಗಿದ ಜಾಗದಲ್ಲಿಟ್ಟು ವರ್ಷವಿಡೀ ಕಾಯುವ ತಾಳ್ಮೆ ಇರುವವರಿಗೆ ಸಲ್ಲುತ್ತದೆ. ಈ ಕೊನೆಯ ಮಾತನ್ನು ಬೆಂಗಳೂರಿನವರಿಗೆ ಹೇಳುತ್ತಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಮಂಗಳೂರು, ಉಡುಪಿಯವರಿಗೆ ಹೇಳಲೇಬೇಕು.

ಮೊದಲು ಆಟ ಎಂಥದ್ದು ಎಂಬುದನ್ನು ನೋಡೋಣ. ಅದು ತಿಳಿಯದಿದ್ದರೆ ಆವೃತ್ತಿಗಳ ಹೋಲಿಕೆಗೆ ಅರ್ಥವಿಲ್ಲ.

ಕ್ಯಾಪ್ಕಾಮ್ ಸಂಸ್ಥೆಯ ಈ ಸರಣಿ ಆರಂಭವಾದದ್ದು 2001ರಲ್ಲಿ. ‘ರೆಸಿಡೆಂಟ್ ಈವಿಲ್’ ಸರಣಿಯ ನಾಲ್ಕನೆಯ ಭಾಗವೆಂದು ಹಿಡೆಕಿ ಕಾಮಿಯಾ ಅವರ ತಂಡ ಕಟ್ಟತೊಡಗಿದ ಆಟ, ಭಯಕ್ಕಿಂತ ಬಿಂಕವೇ ಹೆಚ್ಚಾಗಿ ಬೇರೆಯೇ ಸರಣಿಯಾಯಿತು. ಗಾಥಿಕ್, ಅಂದರೆ ಮಧ್ಯಯುಗದ ಯುರೋಪಿನ ಚೂಪು ಕಮಾನಿನ ಶೈಲಿಯ, ಕಟ್ಟಡಗಳ ಕಲ್ಲು, ಪ್ರತಿಮೆ, ನೆಲಹಾಸುಗಳನ್ನು ಕಣ್ಣಾರೆ ಕಾಣಲು ತಂಡ ಸ್ಪೇನ್‌ಗೆ ಹೋಗಿತ್ತು. ಆ ಹೋಗಿಬಂದದ್ದರ ಗುರುತು ಮೊದಲ ಭಾಗದ ಕೋಟೆಯಲ್ಲಿ ಇಂದಿಗೂ ಕಾಣುತ್ತದೆ. ಐದನೆಯ ಭಾಗವನ್ನು ನಿರ್ದೇಶಿಸಿದವರು ಹಿಡೆಆಕಿ ಇಟ್ಸುನೊ. ಅದು ಬಿಡುಗಡೆಯಾದದ್ದು 2019ರ ಮಾರ್ಚ್ 8ರಂದು. ಇಲ್ಲಿ ಕೋಟೆಯ ಬದಲು ಲಂಡನ್ನನ್ನು ನೆನಪಿಸುವ ರೆಡ್ ಗ್ರೇವ್ ಎಂಬ ನಗರವಿದೆ. ನಗರದ ನಡುವೆ ನೆಲ ಸೀಳಿಕೊಂಡು ಎದ್ದ ಕ್ಲಿಫೋತ್ ಎಂಬ ರಾಕ್ಷಸ ಮರವಿದೆ. ಅದರ ಬೇರುಗಳು ಮನುಷ್ಯರ ರಕ್ತ ಹೀರಿ ಬೆಳೆಯುತ್ತವೆ. ಅದನ್ನು ಎದುರಿಸಲು ನೀರೊ, ಡ್ಯಾಂಟೆ ಮತ್ತು ‘ವಿ’ ಎಂಬ ಮೂವರನ್ನು ಸರದಿಯಂತೆ ಆಡಿಸಬೇಕು. ಒಟ್ಟು 20 ಅಧ್ಯಾಯಗಳು.

ಶತ್ರುವನ್ನು ಕೊಂದರಷ್ಟೇ ಇಲ್ಲಿ ಸಾಲದು, ಹೇಗೆ ಕೊಂದಿರಿ ಎಂಬುದಕ್ಕೂ ಬೆಲೆಯಿದೆ. ಪರದೆಯ ಬದಿಯಲ್ಲಿ ‘ಡಿ’ಯಿಂದ ಆರಂಭವಾಗಿ ‘ಎಸ್’, ‘ಎಸ್‌ಎಸ್’, ‘ಎಸ್‌ಎಸ್‌ಎಸ್’ವರೆಗೆ ಏರುವ ದರ್ಜೆ ಇರುತ್ತದೆ. ಒಂದೇ ಏಟನ್ನು ಮತ್ತೆಮತ್ತೆ ಹೊಡೆದರೆ ದರ್ಜೆ ಏರುವುದಿಲ್ಲ, ಏಟು ತಿಂದರೆ ಬೀಳುತ್ತದೆ. ಹಿನ್ನೆಲೆಯ ಸಂಗೀತವೂ ಈ ದರ್ಜೆಯನ್ನೇ ಅನುಸರಿಸುತ್ತದೆ. ಆಟಗಾರ ತಡವರಿಸುತ್ತಿದ್ದರೆ ಅದು ತಗ್ಗಿದ ದನಿಯಲ್ಲಿ ಸುತ್ತುತ್ತಿರುತ್ತದೆ, ‘ಎಸ್’ ಮುಟ್ಟಿದ ಕ್ಷಣದಲ್ಲಿ ಪಲ್ಲವಿ ಒಡೆದು ಬರುತ್ತದೆ. ವೇಷಧಾರಿಯ ಕುಣಿತಕ್ಕೆ ತಕ್ಕಂತೆ ಭಾಗವತರು ಪದ ಎತ್ತರಿಸಿ, ಚೆಂಡೆ ಏರುವುದನ್ನು ಬಯಲಾಟದಲ್ಲಿ ಕುಳಿತು ಕೇಳಿದವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಈ ಆಟವನ್ನು ಕೊಳ್ಳುವಾಗ ನಾನು ನೋಡುವುದು ಒಂದನ್ನೇ: ಯಾವ ಆವೃತ್ತಿಯಲ್ಲಿ ಕೈ ಪಳಗಿಸಿಕೊಳ್ಳಲು ಹೆಚ್ಚು ಅವಕಾಶವಿದೆ? ಹೊಳೆಯುವ ಡಬ್ಬಿ, ಬಣ್ಣದ ಅಂಗಿಗಳೆಲ್ಲ ಅದರ ನಂತರ.

ಯಂತ್ರ ಯಾವುದು?

ಕಂಪ್ಯೂಟರಿನವರದ್ದು ಸುಲಭದ ದಾರಿ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕನಿಷ್ಠ ಅಗತ್ಯವೆಂದು ಕೊಟ್ಟಿರುವುದು ಇಂಟೆಲ್ ಕೋರ್ ಐ5-4460 ಅಥವಾ ಎಎಂಡಿ ಎಫ್‌ಎಕ್ಸ್-6300, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 760 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಮತ್ತು 35 ಜಿಬಿ ಜಾಗ. ಚೆನ್ನಾಗಿ ಓಡಬೇಕಾದರೆ 6 ಜಿಬಿಯ ಜಿಟಿಎಕ್ಸ್ 1060. ಈ ಆಟವನ್ನು ಓಡಿಸುವ ಕ್ಯಾಪ್ಕಾಮ್‌ನ ಆರ್‌ಇ ಎಂಜಿನ್ ಎಂಬ ತಂತ್ರಾಂಶ ಕಂಪ್ಯೂಟರಿನ ಮೇಲೆ ಅಷ್ಟೊಂದು ಹೊರೆ ಹೇರುವುದಿಲ್ಲ. ಕಾಲೇಜು ಸೇರುವಾಗ ಕೊಂಡ ಸಾಧಾರಣ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲೂ ಸೆಕೆಂಡಿಗೆ 60 ಚೌಕಟ್ಟುಗಳ (ಫ್ರೇಮ್‌ಗಳ) ವೇಗ ಸಿಗುತ್ತದೆ. ಅನುಮಾನವಿದ್ದರೆ ಕೊಂಡ ದಿನವೇ ಆಡಿ ನೋಡಿ. 14 ದಿನಗಳ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಆ ಎರಡು ಗಂಟೆಯಲ್ಲಿ ಮೊದಲ ಕೆಲವು ಅಧ್ಯಾಯಗಳು ಮುಗಿಯುತ್ತವೆ, ಲ್ಯಾಪ್‌ಟಾಪ್ ತಾಳುತ್ತದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಮಾರ್ಚ್, ಏಪ್ರಿಲ್‌ನ ನಮ್ಮ ಸೆಕೆಯಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲೇ ಪರೀಕ್ಷಿಸುವುದು ಒಳ್ಳೆಯದು. ಲ್ಯಾಪ್‌ಟಾಪ್ ಬಿಸಿಯಾದರೆ ವೇಗ ಕುಸಿಯುತ್ತದೆ, ವೇಗ ಕುಸಿದರೆ ಈ ಆಟದಲ್ಲಿ ಗುಂಡಿ ಒತ್ತುವ ಲೆಕ್ಕವೇ ತಪ್ಪುತ್ತದೆ.

ಕೀಲಿಮಣೆಯಲ್ಲಿ ಆಡಬಹುದು, ಆದರೆ ಬೇಡ. ಡ್ಯಾಂಟೆಯ ನಾಲ್ಕು ಶೈಲಿಗಳನ್ನು ಹೋರಾಟದ ನಡುವೆಯೇ ಬದಲಿಸುತ್ತಾ, ಒಂದು ಬೆರಳಲ್ಲಿ ಗುರಿ ಹಿಡಿದು ಇನ್ನೊಂದರಲ್ಲಿ ಜಿಗಿಯಬೇಕು. ಡೀಲಕ್ಸ್ ಆವೃತ್ತಿಗೆ ಎತ್ತಿಟ್ಟ ಹೆಚ್ಚುವರಿ ಹಣವನ್ನು ಒಂದು ಒಳ್ಳೆಯ ಕಂಟ್ರೋಲರ್‌ಗೆ ಹಾಕಿದರೆ ಅದು ಮುಂದಿನ ಹತ್ತು ಆಟಗಳಿಗೂ ಒದಗುತ್ತದೆ.

ಪ್ಲೇಸ್ಟೇಷನ್ 4 ಇರುವವರು ಹಳೆಯ ಡಿಸ್ಕನ್ನೇ ಕೊಳ್ಳಬಹುದು. ಮುಂದೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಬಂದರೆ ಅದರಲ್ಲೂ ಆ ಡಿಸ್ಕ್ ಓಡುತ್ತದೆ. ಆದರೆ ಅದು ಸ್ಪೆಷಲ್ ಎಡಿಷನ್ ಆಗಿ ಬದಲಾಗುವುದಿಲ್ಲ. ಅವೆರಡನ್ನೂ ಕ್ಯಾಪ್ಕಾಮ್ ಬೇರೆಬೇರೆ ಆಟಗಳಾಗಿಯೇ ಮಾರುತ್ತದೆ. ಒಂದರಿಂದ ಇನ್ನೊಂದಕ್ಕೆ ಉಚಿತವಾಗಿ ಏರುವ ದಾರಿಯೂ ಇಲ್ಲ, ಹಳೆಯದರಲ್ಲಿ ಗಳಿಸಿದ ಪ್ರಗತಿಯನ್ನು ಹೊಸದಕ್ಕೆ ಒಯ್ಯುವಂತೆಯೂ ಇಲ್ಲ. ವರ್ಷದೊಳಗೆ ಹೊಸ ಯಂತ್ರ ತರುವ ಯೋಚನೆ ಇದ್ದರೆ ಕಾಯಿರಿ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇರುವವರಿಗೆ ಒಂದು ಮಾತು: ಸ್ಪೆಷಲ್ ಎಡಿಷನ್‌ನ ರೇ ಟ್ರೇಸಿಂಗ್, ಅಂದರೆ ಬೆಳಕಿನ ಪ್ರತಿಫಲನವನ್ನು ನೈಜವಾಗಿ ತೋರಿಸುವ ವ್ಯವಸ್ಥೆ, ನಿಮ್ಮ ಯಂತ್ರದಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಮರುಗಬೇಕಾಗಿಲ್ಲ, ಕಾರಣ ಮುಂದೆ ಬರುತ್ತದೆ.

ಡೀಲಕ್ಸ್‌ನಲ್ಲಿ ಏನಿದೆ?

ಬಿಡುಗಡೆಯ ಸಮಯದಲ್ಲಿ ಸಾಮಾನ್ಯ ಆವೃತ್ತಿಯ ಬೆಲೆ 60 ಡಾಲರ್, ಡೀಲಕ್ಸ್‌ನದ್ದು 70 ಡಾಲರ್ ಇತ್ತು. ಆ ಹತ್ತು ಡಾಲರ್‌ಗೆ ಸಿಗುವುದರಲ್ಲಿ ಮುಖ್ಯವಾದವು ನೀರೊನ ನಾಲ್ಕು ಯಾಂತ್ರಿಕ ತೋಳುಗಳು. ನೀರೊನ ಬಲಗೈ ಕಥೆಯಲ್ಲಿ ಕಡಿದುಹೋಗಿರುತ್ತದೆ. ಅದರ ಜಾಗಕ್ಕೆ ನಿಕೊ ಎಂಬ ಮೆಕ್ಯಾನಿಕ್ ಹುಡುಗಿ ಮಾಡಿಕೊಡುವ ತೋಳುಗಳೇ ‘ಡೆವಿಲ್ ಬ್ರೇಕರ್’. ಮೂಲ ಆಟದಲ್ಲೇ ಇಂಥ ಎಂಟು ಇವೆ. ಒಂದು ವಿದ್ಯುತ್ ಹರಿಸುತ್ತದೆ, ಒಂದು ಕಾಲವನ್ನು ನಿಧಾನಗೊಳಿಸುತ್ತದೆ, ಒಂದು ರಾಕೆಟ್‌ನಂತೆ ಹಾರಿಹೋಗಿ ತಾನೇ ಗುದ್ದುತ್ತದೆ. ಬಳಸುತ್ತಿರುವಾಗ ಏಟು ಬಿದ್ದರೆ ಒಡೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಹೋರಾಟದ ನಡುವೆ ಬೇಕೆಂದದ್ದನ್ನು ಆರಿಸುವಂತಿಲ್ಲ. ಜೋಡಿಸಿಟ್ಟ ಸಾಲಿನಲ್ಲಿ ಮುಂದಿನದು ಸಿಗಬೇಕಾದರೆ ಈಗಿನದು ಮುರಿಯಬೇಕು, ಇಲ್ಲವೇ ಬಿಸಾಡಬೇಕು.

ಡೀಲಕ್ಸ್‌ನ ತೋಳುಗಳೂ ಇದೇ ಸಾಲಿನಲ್ಲಿ ಕೂರುತ್ತವೆ. ‘ಮೆಗಾ ಬಸ್ಟರ್’ ತೊಟ್ಟರೆ ಕ್ಯಾಪ್ಕಾಮ್‌ನ ಹಳೆಯ ಮೆಗಾ ಮ್ಯಾನ್ ಆಟದಂತೆ ನೀರೊನ ಜಿಗಿತವೂ ಜಾರುವಿಕೆಯೂ ಬದಲಾಗುತ್ತವೆ. ನಾಲ್ಕರಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ‘ಸ್ವೀಟ್ ಸರೆಂಡರ್’ ದೇಹಬಲ ಮರಳಿಸುತ್ತದೆ. ‘ಗರ್ಬೆರಾ ಜಿಪಿ01’ ಮೂಲ ಎಂಟರಲ್ಲೊಂದಾದ ಗರ್ಬೆರಾದ ಇನ್ನೊಂದು ರೂಪ. ‘ಪಾಸ್ತಾ ಬ್ರೇಕರ್’ ಮುಳ್ಳುಚಮಚದಂತಿದ್ದು, ನೋಡಲು ಮಜವಾಗಿದೆ. ಹೊಸಬರು ಮೊದಲ ಎಂಟನ್ನೇ ಅರೆದು ಕುಡಿಯಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೂ ನಾಲ್ಕು ಬಂದರೆ ಸಾಲು ಗೋಜಲಾಗುತ್ತದೆಯೇ ಹೊರತು ಆಟ ಬೆಳೆಯುವುದಿಲ್ಲ.

ಡೀಲಕ್ಸ್‌ನಲ್ಲಿ ನಾನು ನಿಜವಾಗಿ ಬೆಲೆ ಕಟ್ಟುವ ಒಂದು ಸಂಗತಿಯಿದೆ, ಅದರ ಬಗ್ಗೆ ಹೆಚ್ಚು ಜನ ಮಾತಾಡುವುದಿಲ್ಲ. ಕಥೆಯ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಮುನ್ನ ನಟರು ಖಾಲಿ ಕೋಣೆಯಲ್ಲಿ, ಕೈಗೆ ಸಿಕ್ಕ ಸಾಮಗ್ರಿಗಳನ್ನೇ ಆಯುಧವೆಂದು ಹಿಡಿದು ಅಭಿನಯಿಸಿ ಚಿತ್ರೀಕರಿಸಿದ್ದರು. ಡೀಲಕ್ಸ್ ಕೊಂಡವರು ಆಟದ ನಡುವೆ ಆ ಕಚ್ಚಾ ಚಿತ್ರೀಕರಣವನ್ನೇ ನೋಡುವಂತೆ ಹೊಂದಿಸಿಕೊಳ್ಳಬಹುದು. ಕ್ಯಾಮೆರಾ ಎಲ್ಲಿ ತಿರುಗುತ್ತದೆ, ನಟ ಎಲ್ಲಿ ಉಸಿರು ಹಿಡಿಯುತ್ತಾನೆ, ಯಾವ ಹೆಜ್ಜೆಗೆ ಯಾವ ಕಡಿತ ಎಂಬುದೆಲ್ಲ ಬಣ್ಣ ಬಳಿಯುವ ಮುನ್ನವೇ ಅಲ್ಲಿ ಸಿದ್ಧವಾಗಿರುತ್ತದೆ. ಅನಿಮೇಷನ್ ಅಥವಾ ಸಿನಿಮಾ ಕಲಿಯುತ್ತಿರುವವರು ಮನೆಯಲ್ಲಿದ್ದರೆ ಈ ಒಂದೇ ಕಾರಣಕ್ಕೆ ಡೀಲಕ್ಸ್ ಕೊಳ್ಳಿ. ಹಿಂದಿನ ನಾಲ್ಕು ಭಾಗಗಳ ಹೋರಾಟದ ಸಂಗೀತವೂ ಅದರಲ್ಲಿದೆ. ಅದು ಹಳೆಯ ಅಭಿಮಾನಿಗಳಿಗೆ.

ಸ್ಪೆಷಲ್ ಎಡಿಷನ್ ಮತ್ತು ವರ್ಜಿಲ್

2020ರ ನವೆಂಬರ್‌ನಲ್ಲಿ ಹೊಸ ಯಂತ್ರಗಳ ಜೊತೆಗೇ ಬಂದ ಸ್ಪೆಷಲ್ ಎಡಿಷನ್‌ನಲ್ಲಿ ಮೂಲ ಆಟದ ಜೊತೆಗೆ ಹೊಸದಾಗಿ ಸೇರಿದ್ದು ನಾಲ್ಕು: ಡ್ಯಾಂಟೆಯ ಅಣ್ಣ ವರ್ಜಿಲ್‌ನನ್ನು ಆಡಿಸುವ ಅವಕಾಶ, ಆಟದ ವೇಗವನ್ನು 1.2 ಪಟ್ಟು ಹೆಚ್ಚಿಸುವ ಟರ್ಬೊ, ಒಮ್ಮೆಗೇ ದಂಡಿಯಾಗಿ ಶತ್ರುಗಳು ಮುತ್ತುವ ‘ಲೆಜೆಂಡರಿ ಡಾರ್ಕ್ ನೈಟ್’, ಮತ್ತು ರೇ ಟ್ರೇಸಿಂಗ್ ಹಾಗೂ ಹೆಚ್ಚಿನ ಚೌಕಟ್ಟು ವೇಗದ ಆಯ್ಕೆಗಳು. ಅದೇ ವರ್ಷ ಡಿಸೆಂಬರ್ 15ಕ್ಕೆ ವರ್ಜಿಲ್‌ನನ್ನು ಮಾತ್ರ ಬಿಡಿಯಾಗಿ ಕಂಪ್ಯೂಟರ್, ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಐದು ಡಾಲರ್‌ಗೆ ಕೊಟ್ಟರು. ಟರ್ಬೊ, ಡಾರ್ಕ್ ನೈಟ್, ರೇ ಟ್ರೇಸಿಂಗ್ ಅವರಿಗೆ ಅಧಿಕೃತವಾಗಿ ಸಿಗಲಿಲ್ಲ. ಕಂಪ್ಯೂಟರ್ ಬಳಕೆದಾರರ ಕೈಯಲ್ಲಿ ಹೊಸ ಯಂತ್ರಗಳಿಗಿಂತ ಬಲವಾದ ಕಾರ್ಡ್‌ಗಳಿದ್ದಾಗಲೂ ಸ್ಪೆಷಲ್ ಎಡಿಷನ್ ಅತ್ತ ಬರಲಿಲ್ಲ. ಇದು ಕ್ಯಾಪ್ಕಾಮ್ ಮಾಡಿದ ಅನ್ಯಾಯವೆಂದೇ ನಾನು ಹೇಳುತ್ತೇನೆ.

ಈ ನಾಲ್ಕರಲ್ಲಿ ತೂಕದ್ದು ವರ್ಜಿಲ್. ನೀರೊ ಆಡುವಾಗ ಕತ್ತಿಯ ಹಿಡಿಯನ್ನು ಬೈಕಿನ ಆಕ್ಸಿಲರೇಟರಿನಂತೆ ತಿರುವಿ ಕೆರಳಿಸಬೇಕು. ಪ್ರತಿ ಬೀಸಿನ ಕೊನೆಯಲ್ಲಿ ಸರಿಯಾದ ಕ್ಷಣಕ್ಕೆ ಟ್ರಿಗರ್ ಒತ್ತಿದರೆ ಮುಂದಿನ ಏಟಿಗೆ ಬೆಂಕಿ ಹತ್ತುತ್ತದೆ. ಡ್ಯಾಂಟೆಯದ್ದು ಆಯುಧಗಳ ಮಳೆ. ವರ್ಜಿಲ್‌ನದ್ದು ಇವೆರಡಕ್ಕೂ ವಿರುದ್ಧ ಸ್ವಭಾವ. ಅವನಿಗೆ ‘ಏಕಾಗ್ರತೆ’ಯ ಮಾಪಕವೊಂದಿದೆ. ಶತ್ರುಗಳು ಸುತ್ತುವರಿದಾಗಲೂ ಓಡದೆ ನಿಧಾನವಾಗಿ ನಡೆದರೆ ಅದು ತುಂಬುತ್ತದೆ. ಗಾಬರಿಯಿಂದ ಓಡಿದರೆ, ಗಾಳಿಗೆ ಕತ್ತಿ ಬೀಸಿದರೆ, ಏಟು ತಿಂದರೆ ಇಳಿಯುತ್ತದೆ. ತುಂಬಿದಷ್ಟೂ ಏಟಿನ ಬಲ ಹೆಚ್ಚು. ಯಮಾಟೊ ಕತ್ತಿಯ ದೂರದ ಏಟಿಗೆ ಗುಂಡಿಯನ್ನು ಒತ್ತಿ ಹಿಡಿಯಬೇಕು, ಒರೆಯ ಬಳಿ ಮಿಂಚು ಕಂಡ ಕ್ಷಣಕ್ಕೆ ಬಿಡಬೇಕು. ಒಂದು ಕಣ್ರೆಪ್ಪೆಯಷ್ಟು ಮೊದಲೋ ತಡವೋ ಬಿಟ್ಟರೆ ಸಾಧಾರಣ ಏಟು. ಸರಿಯಾಗಿ ಬಿಟ್ಟರೆ ದೂರದ ಶತ್ರುವಿನ ಸುತ್ತ ಗಾಳಿಯೇ ಚೂರುಚೂರಾಗುತ್ತದೆ. ಇಷ್ಟು ಸಂಯಮ ಬೇಡುವ ಪಾತ್ರ ಈ ಬಗೆಯ ಆಟಗಳಲ್ಲಿ ಅಪರೂಪ. ಅವನಿಲ್ಲದೆ ಐದನೆಯ ಭಾಗವನ್ನು ಕೊಳ್ಳಬೇಡಿ. ಕೊಂಡ ಮೇಲೆ ಸಂಯಮ ಕಲಿಯಲು ‘ಬ್ಲಡಿ ಪ್ಯಾಲೆಸ್’ ಇದೆ. 2019ರ ಏಪ್ರಿಲ್ 1ರಂದು ಎಲ್ಲರಿಗೂ ಉಚಿತವಾಗಿ ಸೇರಿಸಿದ, ಒಂದರ ಮೇಲೊಂದರಂತೆ ಹಂತಗಳನ್ನು ಏರುತ್ತಾ ಹೋಗುವ ಹೋರಾಟ ಅದು.

ಇನ್ನು ರೇ ಟ್ರೇಸಿಂಗ್. ಅದನ್ನು ಹಾಕಿಕೊಂಡರೆ 4ಕೆ ಚಿತ್ರದಲ್ಲಿ ಸೆಕೆಂಡಿಗೆ 30 ಚೌಕಟ್ಟು, 1080ಪಿಯಲ್ಲಿ 60 ಚೌಕಟ್ಟು ಎಂಬುದು ಕ್ಯಾಪ್ಕಾಮ್ ಇಟ್ಟ ಗುರಿ. ಮಳೆ ನಿಂತ ರಸ್ತೆಯ ನೀರಿನಲ್ಲಿ ದೀಪಗಳು ಕಾಣುವ ಪರಿ ಸುಂದರವಾಗಿದೆ, ಒಪ್ಪುತ್ತೇನೆ. ಆದರೆ 60 ಚೌಕಟ್ಟಿನಲ್ಲಿ ಒಂದು ಚಿತ್ರ ಪರದೆಯ ಮೇಲೆ ಇರುವುದು ಸುಮಾರು 16.7 ಮಿಲಿಸೆಕೆಂಡ್, 120ರಲ್ಲಿ 8.3, 30ರಲ್ಲಿ 33.3. ಮೇಲೆ ಹೇಳಿದ ಮಿಂಚಿನ ಕ್ಷಣವನ್ನು ಹಿಡಿಯಬೇಕಾದರೆ ಈ ಅಂತರ ಬೆರಳಿಗೆ ಗೊತ್ತಾಗುತ್ತದೆ. ರೇ ಟ್ರೇಸಿಂಗ್ ಆಫ್ ಮಾಡಿ, ಟಿವಿ 120 ಹರ್ಟ್ಜ್‌ನದ್ದಾಗಿದ್ದರೆ ಹೆಚ್ಚಿನ ಚೌಕಟ್ಟಿನ ಆಯ್ಕೆಯನ್ನು ಹಾಕಿ. ಟಿವಿಯ ‘ಗೇಮ್ ಮೋಡ್’ ಆನ್ ಮಾಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ಟಿವಿಯೇ ತಡಮಾಡುತ್ತದೆ.

ಗಲ್ಫ್‌ನಿಂದ ಬರುವ ಡಿಸ್ಕ್

ನಮ್ಮ ಜಿಲ್ಲೆಗಳಲ್ಲಿ ಇದು ಪ್ರತ್ಯೇಕವಾಗಿ ಹೇಳಬೇಕಾದ ವಿಷಯ. ದುಬೈ, ಕುವೈತ್, ಬಹರೇನ್‌ನಲ್ಲಿ ಭಾವನೋ ಚಿಕ್ಕಪ್ಪನೋ ಇಲ್ಲದ ಮನೆ ಕಡಿಮೆ. ರಜೆಗೆ ಬಜ್ಪೆಯಲ್ಲಿ ಇಳಿಯುವಾಗ ಅವರ ಚೀಲದಲ್ಲಿ ಆಟದ ಡಿಸ್ಕ್ ಇರುವುದೂ ಸಾಮಾನ್ಯ. ಪ್ಲೇಸ್ಟೇಷನ್ 4 ಮತ್ತು 5ರ ಡಿಸ್ಕ್‌ಗಳು ಯಾವ ದೇಶದಲ್ಲಿ ಕೊಂಡರೂ ಇಲ್ಲಿ ಓಡುತ್ತವೆ. ಅಲ್ಲಿಯವರೆಗೆ ತೊಂದರೆಯಿಲ್ಲ.

ತೊಂದರೆ ಆರಂಭವಾಗುವುದು ಹೆಚ್ಚುವರಿ ವಿಷಯಗಳಲ್ಲಿ. ಡೌನ್‌ಲೋಡ್ ಮಾಡುವ ಹೆಚ್ಚುವರಿ ಭಾಗ (ಡಿಎಲ್‌ಸಿ) ಡಿಸ್ಕ್‌ನ ಪ್ರದೇಶಕ್ಕೆ ಹೊಂದಬೇಕು, ಮತ್ತು ಅಂಗಡಿಯ ಕೋಡ್ ಅದೇ ಪ್ರದೇಶದ ಖಾತೆಯಲ್ಲಿ ಮಾತ್ರ ನಡೆಯುತ್ತದೆ. ಬೇರೆ ಪ್ರದೇಶದ ಡಿಸ್ಕ್ ಹಾಕಿ, ನಿಮ್ಮ ಭಾರತೀಯ ಖಾತೆಯಿಂದ ವರ್ಜಿಲ್‌ನನ್ನು ಕೊಂಡರೆ, ಹಣ ಹೋಗುತ್ತದೆ, ವರ್ಜಿಲ್ ಮಾತ್ರ ಪಟ್ಟಿಯಲ್ಲಿ ಕಾಣಿಸಿಕೊಳ್ಳದೆ ಹೋಗಬಹುದು. ಡೀಲಕ್ಸ್ ಡಬ್ಬಿಯ ವಿಷಯವೂ ಹೀಗೆಯೇ. ಅದರ ಹೆಚ್ಚುವರಿ ತೋಳುಗಳು ಡಿಸ್ಕ್‌ನೊಳಗಿಂದ ಬರುವುದಿಲ್ಲ, ಡಬ್ಬಿಯಲ್ಲಿ ಅಚ್ಚು ಮಾಡಿಟ್ಟ ಕೋಡ್‌ನಿಂದ ಬರುತ್ತವೆ. ಒಮ್ಮೆ ಬಳಸಿದ ಕೋಡ್ ಮತ್ತೆ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಡೀಲಕ್ಸ್ ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ, ಕೋಡ್ ಬಳಸದ ಚೀಟಿ ಕೈಗೆ ಬಂದ ಹೊರತು ಸಾಮಾನ್ಯ ಡಿಸ್ಕ್‌ನ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಹಾಗಾದರೆ ಗಲ್ಫ್‌ನವರಿಗೆ ಏನು ಹೇಳಿ ಕಳಿಸುವುದು? ಪ್ಲೇಸ್ಟೇಷನ್ 5ರ ಸ್ಪೆಷಲ್ ಎಡಿಷನ್ ಡಿಸ್ಕ್ ತರಲು ಹೇಳಿ. ವರ್ಜಿಲ್ ಆ ಆವೃತ್ತಿಯ ಭಾಗವೇ ಆದ್ದರಿಂದ ಅವನನ್ನು ಬೇರೆಯಾಗಿ ಕೊಳ್ಳುವ ತಾಪತ್ರಯವಿಲ್ಲ. ಕೊಳ್ಳುವ ಮುನ್ನ ಮನೆಯಲ್ಲಿರುವುದು ಡಿಸ್ಕ್ ಹಾಕುವ ಯಂತ್ರವೇ ಎಂದೂ ಖಚಿತಪಡಿಸಿಕೊಳ್ಳಿ. ಡಿಜಿಟಲ್ ಎಡಿಷನ್ ಯಂತ್ರದಲ್ಲಿ ಡಿಸ್ಕ್ ಹಾಕುವ ಸೀಳೇ ಇರುವುದಿಲ್ಲ.

ಸಂಗ್ರಾಹಕರ ಪೆಟ್ಟಿಗೆ

ಈಗ ಎಲ್ಲರೂ ಕಣ್ಣರಳಿಸುವ ವಿಷಯ. ಬಿಡುಗಡೆಯ ಸಮಯದಲ್ಲಿ ಅಮೆರಿಕದಲ್ಲಿ 150 ಡಾಲರ್‌ಗೆ ಮಾರಿದ ಕಲೆಕ್ಟರ್ಸ್ ಎಡಿಷನ್‌ನಲ್ಲಿ ಡೀಲಕ್ಸ್ ಆಟದ ಜೊತೆಗೆ ನಿಕೊ ಓಡಿಸುವ ವ್ಯಾನಿನ ಪುಟ್ಟ ಮಾದರಿಯೂ ಕಲಾಪುಸ್ತಕವೂ ಇದ್ದವು. ಜಪಾನಿನಲ್ಲಿ ಇನ್ನೂ ಮುಂದೆ ಹೋಗಿ, ಪಾತ್ರಗಳು ತೊಡುವ ಕೋಟುಗಳನ್ನೇ ನಿಜವಾಗಿ ಹೊಲಿಸಿ ಆಟದ ಜೊತೆ ಮಾರಿದರು. ಡ್ಯಾಂಟೆಯ ಕೋಟು ಇದ್ದ ಕಟ್ಟಿನ ಬೆಲೆ 9 ಲಕ್ಷ ಯೆನ್. ಆಟದ ಪಾತ್ರದ ಉಡುಪಿಗೆ ಇಷ್ಟು ಗೌರವ ಕೊಟ್ಟ ಸಂಸ್ಥೆ ಇನ್ನೊಂದು ಸಿಗುವುದು ಕಷ್ಟ.

ಈ ಸರಣಿಯ ಮಟ್ಟಿಗೆ ಪೆಟ್ಟಿಗೆಯಲ್ಲಿರುವ ಕಲಾಪುಸ್ತಕ ಬರೀ ಅಲಂಕಾರದ ಸಾಮಾನಲ್ಲ ಎಂಬುದು ನನ್ನ ಅಭಿಪ್ರಾಯ. ಆಟದಲ್ಲಿ ಓಡುತ್ತಾ ಹಾರುತ್ತಾ ದಾಟಿಹೋಗುವ ಕಮಾನು, ಕಂಬ, ಬೇರು ಸುತ್ತಿಕೊಂಡ ಪ್ರತಿಮೆಗಳನ್ನು ನಿಂತು ನೋಡಲು ಪುಸ್ತಕವೇ ಬೇಕು. ವ್ಯಾನ್ ಕೂಡ ಹಾಗೆಯೇ. ಕಥೆಯಲ್ಲಿ ಅದು ಅಂಗಡಿಯೂ ಹೌದು, ಕಾರ್ಯಾಗಾರವೂ ಹೌದು. ಪ್ರತಿ ಬಾರಿ ಅದು ಗೋಡೆ ಮುರಿದು ಬಂದಾಗ ಜೀವ ಬಂದಂತಾಗುತ್ತದೆ. ಇದನ್ನು ಪ್ರೀತಿಸುವವರು ಪೆಟ್ಟಿಗೆಯನ್ನು ಬಯಸಿದರೆ ಅದು ದುಂದುಗಾರಿಕೆಯಲ್ಲ.

ಆದರೆ ಈಗ ಅದು ಸಿಗುವುದು ಮರುಮಾರಾಟದಲ್ಲಿ ಮಾತ್ರ. ವಿದೇಶದಿಂದ ತರಿಸಿದರೆ ಸರಕಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಸೇರಿಸಿ ಅದರ ಮೇಲೆ ಸುಂಕ ಹಾಕುತ್ತಾರೆ. ಜಾಲತಾಣದಲ್ಲಿ ಕಂಡ ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಸಮಾಧಾನಪಡಬೇಡಿ. ಮಾರುವವರಿಂದ ವ್ಯಾನಿನ ಎಲ್ಲ ಬದಿಯ ಫೋಟೊ, ಕಲಾಪುಸ್ತಕದ ಬೆನ್ನುಪಟ್ಟಿಯ ಫೋಟೊ, ಪೆಟ್ಟಿಗೆಯ ಮೂಲೆಗಳ ಫೋಟೊ ಕೇಳಿ. ಕೋಡ್ ಹೇಗೂ ಬಳಕೆಯಾಗಿರುತ್ತದೆ, ಅಥವಾ ನಿಮ್ಮ ಖಾತೆಯ ಪ್ರದೇಶಕ್ಕೆ ಹೊಂದುವುದಿಲ್ಲ ಎಂದೇ ಎಣಿಸಿ ಬೆಲೆ ಮಾತಾಡಿ.

ತಂದ ಮೇಲೆ ಅಸಲಿ ಕೆಲಸ ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಬಟ್ಟೆ ಒಣಗಲು ದಿನಗಳು ಬೇಕು. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಅದೇ ಗಾಳಿ ಕಪಾಟಿನೊಳಗೂ ಇರುತ್ತದೆ. ಕಲಾಪುಸ್ತಕಗಳನ್ನು ಅಚ್ಚು ಮಾಡುವುದು ನುಣುಪು ಲೇಪದ ಕಾಗದದಲ್ಲಿ. ತೇವ ತಾಗಿ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಚಿತ್ರದ ಬಣ್ಣವೇ ಕಿತ್ತು ಬರುತ್ತದೆ. ಕಡಲಿಗೆ ಹತ್ತಿರವಿರುವ ಮಲ್ಪೆ, ಉಳ್ಳಾಲ, ಪಣಂಬೂರಿನ ಮನೆಗಳಲ್ಲಿ ಉಪ್ಪಿನ ಗಾಳಿಗೆ ಲೋಹದ ಡಬ್ಬಿಗಳ ಅಂಚು ತುಕ್ಕು ಹಿಡಿಯುವುದನ್ನೂ ನೋಡಬಹುದು. ಲೋಹದ ಸ್ಟೀಲ್‌ಬುಕ್ ಡಬ್ಬಿ ಇಷ್ಟಪಡುವವರು ಇದನ್ನು ನೆನಪಿಡಿ.

ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಆ ಗೋಡೆ ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ. ಮನೆಯ ನಡುವಿನ ಗೋಡೆಯ ಬದಿಯಲ್ಲಿ, ನೆಲದಿಂದ ಎತ್ತರದಲ್ಲಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಿಸುವ ಹರಳುಗಳನ್ನೇ ಕೊಂಡರೆ ಅವು ತೇವ ಹೀರಿ ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಸೀರೆಗೆ ಹಾಕುವ ನುಸಿಗುಳಿಗೆಯನ್ನು ಮಾತ್ರ ವ್ಯಾನಿನ ಹತ್ತಿರ ಸುಳಿಯಲು ಬಿಡಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಮಳೆ ಬಿಟ್ಟ ಬಿಸಿಲಿನ ದಿನ ಪುಸ್ತಕವನ್ನು ಹೊರತೆಗೆದು ಫ್ಯಾನಿನ ಕೆಳಗೆ ಪುಟ ಮಗುಚಿ, ಆದರೆ ನೇರ ಬಿಸಿಲಿಗೆ ಇಡಬೇಡಿ. ಇಷ್ಟನ್ನು ಪ್ರತಿ ವರ್ಷವೂ ಮಾಡುವುದಾದರೆ ಸಂಗ್ರಾಹಕರ ಆವೃತ್ತಿ ನಿಮ್ಮ ಮನೆಯಲ್ಲಿ ಬಾಳುತ್ತದೆ. ಗಾಜಿನ ಶೋಕೇಸಿನಲ್ಲಿಟ್ಟು ಮರೆತುಬಿಡುವವರು ಆ ಹಣಕ್ಕೆ ಸ್ಪೆಷಲ್ ಎಡಿಷನ್ ಕೊಂಡು, ಉಳಿದದ್ದರಲ್ಲಿ ಯುಪಿಎಸ್ ತೆಗೆದುಕೊಳ್ಳಲಿ. ಮಳೆಗಾಲದ ಸಂಜೆ ಯಾವ ಹೊತ್ತಿಗೆ ವಿದ್ಯುತ್ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಅದೇ ಹೆಚ್ಚು ಉಪಯುಕ್ತ. ಸಿಡಿಲು ಬರುವಾಗ ಯುಪಿಎಸ್ ಇದ್ದರೂ ಪ್ಲಗ್ ಕಿತ್ತುಬಿಡಿ.

ಇನ್ನು ಕೆಲವು ಸಣ್ಣ ಮಾತುಗಳು

ಬೆಲೆಯ ಬಗ್ಗೆ: ಇದು 2019ರ ಆಟವಾದ್ದರಿಂದ ಸ್ಟೀಮ್‌ನ ಬೇಸಿಗೆ ಹಾಗೂ ಚಳಿಗಾಲದ ಮಾರಾಟಗಳಲ್ಲಿ, ಪ್ಲೇಸ್ಟೇಷನ್ ಅಂಗಡಿಯ ಹಬ್ಬದ ರಿಯಾಯಿತಿಗಳಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ. ಪೂರ್ತಿ ಬೆಲೆಗೆ ಕೊಳ್ಳುವ ಅವಸರ ಬೇಡ. ಕಂಪ್ಯೂಟರಿನವರು ಆಟ ಮತ್ತು ವರ್ಜಿಲ್ ಒಟ್ಟಿಗಿರುವ ಕಟ್ಟನ್ನೇ ನೋಡಿ. ಆಟದೊಳಗಿನ ಅಂಗಡಿಯಲ್ಲಿ ನಾಣ್ಯದಂತೆ ನಡೆಯುವ ಕೆಂಪು ಗೋಲಿಗಳನ್ನು (ರೆಡ್ ಆರ್ಬ್) ನಿಜವಾದ ಹಣ ಕೊಟ್ಟು ಕೊಳ್ಳುವ ಆಯ್ಕೆ ಇದೆ, ಅದರತ್ತ ತಿರುಗಿಯೂ ನೋಡಬೇಡಿ. ಆಡುತ್ತಾ ಹೋದಂತೆ ಅವು ತಾವಾಗಿಯೇ ಸೇರುತ್ತವೆ.

ತಾಯಂದಿರಿಗೆ: ಅಮೆರಿಕದ ವರ್ಗೀಕರಣದಲ್ಲಿ ಈ ಆಟಕ್ಕೆ 17 ವರ್ಷಕ್ಕೆ ಮೇಲ್ಪಟ್ಟವರದೆಂಬ ಗುರುತಿದೆ. ರಕ್ತ, ಬೈಗುಳ ಎರಡೂ ಧಾರಾಳವಾಗಿವೆ. ಪಿಯುಸಿ ಮುಗಿಸಿದ ಮಗನಿಗೆ ಅಡ್ಡಿಯಿಲ್ಲ, ಏಳನೆಯ ತರಗತಿಯವನಿಗೆ ಬೇಡ.

ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ 2015ರಲ್ಲಿ ಬಂದ ನಾಲ್ಕನೆಯ ಭಾಗದ ಸ್ಪೆಷಲ್ ಎಡಿಷನ್ ತೆಗೆದುಕೊಳ್ಳಿ. ಅದರಲ್ಲಿ ವರ್ಜಿಲ್ ಜೊತೆಗೆ ಲೇಡಿ, ಟ್ರಿಶ್ ಕೂಡ ಇದ್ದಾರೆ. ಡಾರ್ಕ್ ನೈಟ್ ದಂಡು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ಸಿಗುವುದೂ ಅಲ್ಲಿಯೇ. ಗಾಥಿಕ್ ವಾತಾವರಣದ ಮಟ್ಟಿಗಂತೂ ಅದರ ಫಾರ್ಚುನಾ ನಗರ, ಕೋಟೆ, ಪ್ರಾರ್ಥನಾಮಂದಿರಗಳು ಐದನೆಯ ಭಾಗದ ಒಡೆದ ಬೀದಿಗಳಿಗಿಂತ ಒಂದು ಕೈ ಮೇಲು. ಹಿಂದಿನ ಕಥೆ ಗೊತ್ತಿಲ್ಲವೆಂಬ ಅಳುಕಿನಿಂದ ಐದನ್ನು ಮುಂದೂಡುವ ಅಗತ್ಯವೂ ಇಲ್ಲ. ಹಿಂದಿನ ಭಾಗಗಳ ಸಾರಾಂಶದ ವಿಡಿಯೊ ಮೊದಲ ಪುಟದ ಪಟ್ಟಿಯಲ್ಲೇ ಇದೆ.

ಯಾವ ಆವೃತ್ತಿ ಕೊಂಡರೂ ಮೊದಲ ಸಲ ‘ಡೆವಿಲ್ ಹಂಟರ್’ ಮಟ್ಟದಲ್ಲಿ ಆರಂಭಿಸಿ, ‘ಹ್ಯೂಮನ್’ ಮಟ್ಟ ತೀರಾ ಸುಲಭ. ‘ಆಟೊ ಅಸಿಸ್ಟ್’ ಆನ್ ಆಗಿದ್ದರೆ ಒಂದೇ ಗುಂಡಿಗೆ ದೊಡ್ಡ ದೊಡ್ಡ ಪಟ್ಟುಗಳು ತಾವಾಗಿಯೇ ಬರುತ್ತವೆ. ಬೆರಳು ಅಥವಾ ಮಣಿಕಟ್ಟಿನ ನೋವಿರುವವರಿಗೆ ಅದು ವರದಾನ, ಉಳಿದವರು ಆಫ್ ಮಾಡಿಕೊಳ್ಳಿ. ಅಂಗಡಿಯಲ್ಲಿ ಮೊದಲ ಕೆಂಪು ಗೋಲಿಗಳನ್ನು ಹೊಸ ಪಟ್ಟುಗಳಿಗಿಂತ ಮುಂಚೆ ನೀರೊನ ತೋಳುಗಳ ಸಾಲನ್ನು ಉದ್ದ ಮಾಡುವುದಕ್ಕೆ ಖರ್ಚು ಮಾಡಿ, ಮತ್ತು ಪಟ್ಟು ಕಲಿಯಲು ಅಧ್ಯಾಯದೊಳಗೆ ಹೋಗುವ ಮೊದಲು ‘ದಿ ವಾಯ್ಡ್’ ಎಂಬ ಅಭ್ಯಾಸದ ಕೋಣೆಗೆ ಹೋಗಿ. ಕೊಳ್ಳುವ ಮೊದಲೇ ಪ್ರತಿ ಪಟ್ಟನ್ನೂ ಅಲ್ಲಿ ಪ್ರಯತ್ನಿಸಿ ನೋಡಬಹುದು.